ನಿಯಾಳ ಪುಸ್ತಕಕ್ಕೆ ಅಮ್ಮ ಹಾಕಿದ ಬೈಂಡು

ಸ್ಕೂಲ್ ಬಸ್ಸಿನಲ್ಲಿ ಮಾಸ್ಕ್ ಹಾಕಿಕೊಂಡವರದ್ದು ಒಂದು ಗುಂಪು, ಹಾಕದವರದ್ದು ಇನ್ನೊಂದು ಗುಂಪು ಎಂದಿದ್ದ ಕಾಲ ಅದು. ಹದಿನೆಂಟು ತುಂಬಿದ ಹುಡುಗಿ ಬಾಲ್ಯದ ನೆನಪು ಬರೆಯುತ್ತಾಳಂತೆ ಎಂದು ನೀವು ನಗಬಹುದು. ನಗಿ. ನನ್ನ ಬಾಲ್ಯ ಯಾವ ಮಧ್ಯಾಹ್ನ ಮುಗಿಯಿತು ಎಂದು ನನಗೆ ಸರಿಯಾಗಿ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನ ಸರಸ್ವತಿಪುರಂನಲ್ಲಿ ಐದನೇ ಕ್ಲಾಸು ಮುಗಿಸಿ ಬಂದವಳು ನಾನು. ಅಮೆರಿಕದಲ್ಲಿ ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಎಂಬ ಊರಿನಲ್ಲಿ ಒಂದು ವರ್ಷ ಮನೆಯಿಂದಲೇ ಲ್ಯಾಪ್‌ಟಾಪ್ ನೋಡಿಕೊಂಡು ಪಾಠ ಕೇಳಿದೆ. ಮುಂದಿನ ವರ್ಷ ಬಸ್ ಹತ್ತಿದಾಗ ಪಕ್ಕದ ಸೀಟು ಸರಿಸಿ ಕೊಟ್ಟವಳು ನಿಯಾ ಒಬ್ಬಳೇ. ಅವಳಿಂದ ಕೂದಲಿಗೆ ಹಚ್ಚುವ ಶಿಯಾ ಬೆಣ್ಣೆಯ ವಾಸನೆ, ನನ್ನಿಂದ ಕೊಬ್ಬರಿ ಎಣ್ಣೆಯ ವಾಸನೆ. ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಕಡಲೆಬೀಜವನ್ನಷ್ಟೇ ಹೆಕ್ಕಿ ತಿಂದು, ಬದಲಿಗೆ ನಾಲಿಗೆ ಉರಿಸುವ ಕೆಂಪು ಚಿಪ್ಸ್ ಕೊಡುತ್ತಿದ್ದಳು. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ಅವಳ ಮಾತನ್ನು ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ.

ಒಂದು ದಿನ ಬಸ್ಸಿನಲ್ಲಿ ನನ್ನ ಗಣಿತದ ಪುಸ್ತಕ ಕೆಳಗೆ ಬಿದ್ದು ಕಾಲಿಗೆ ತಾಗಿತು. ನಾನು ಎತ್ತಿ ಕಣ್ಣಿಗೆ ಒತ್ತಿಕೊಂಡೆ. ನೀವೂ ಹಾಗೇ ಮಾಡುತ್ತಿದ್ದಿರಿ. ಹಿಂದಿನ ಸೀಟಿನ ಬಿಳಿ ಹುಡುಗ ಕೋಲ್ಟನ್ ಅದನ್ನು ನೋಡಿಬಿಟ್ಟ. ಮರುದಿನದಿಂದ ಅದೊಂದು ಆಟವಾಯಿತು. ಅವನು ನನ್ನ ಬ್ಯಾಗಿನಿಂದ ಪುಸ್ತಕ ಎಳೆದು ನೆಲಕ್ಕೆ ಹಾಕುವುದು, ಶೂ ಇಡುವುದು, ನಾನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವವರೆಗೆ ಅವನ ಸಂಗಡಿಗರು ಕೈತಟ್ಟಿ ಎಣಿಸುವುದು. ಒತ್ತಿಕೊಳ್ಳಬಾರದು ಎಂದು ಹಲ್ಲು ಕಚ್ಚಿ ಕೂತರೂ ಕೈ ತಾನಾಗಿ ಹೋಗುತ್ತಿತ್ತು. ನನಗೆ ಚಿಕ್ಕಂದಿನಿಂದ ಮೂಗಿನ ತುದಿಯಲ್ಲೇ ಕೋಪ. ಆದರೆ ಹೊಸ ಊರು, ಹೊಸ ಶಾಲೆ ಎಂದು ಎರಡು ತಿಂಗಳು ನುಂಗಿಕೊಂಡೆ.

"ಯಾಕೆ ಮಾಡ್ತೀಯ? ಬರೀ ಪೇಪರ್ ಅಲ್ವಾ?" ಎಂದು ನಿಯಾ ಕೇಳಿದಳು.

"ಕಾಲು ತಾಗಿಸ್ಬಾರ್ದು. ಅಷ್ಟೇ."

ಅವಳು, "ಸರಿ, ಹಾಗಾದ್ರೆ ನಿನಗೆ ನನ್ನ ಪುಸ್ತಕ ಕೊಡಬಹುದು" ಎಂದಳು.

ಅವಳ ಪುಸ್ತಕ ಎಂದರೆ ಅವಳ ಮೆಚ್ಚಿನ ಲೇಖಕಿಯ ಹೊಸ ಕಾದಂಬರಿ. ಅದು ಬಿಡುಗಡೆಯಾದ ಶನಿವಾರ ಲೇಖಕಿ ಅಟ್ಲಾಂಟಾದ ಒಂದು ಪುಸ್ತಕದಂಗಡಿಗೆ ಬರುವವರಿದ್ದರು. ನಿಯಾಳ ಅಮ್ಮ ಮಿಸ್ ರೀಟಾ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದೊಯ್ದರು. ನಾನು ಅವರನ್ನು ಆಂಟಿ ಎಂದು ಕರೆದಾಗಲೆಲ್ಲ ಅವರಿಗೆ ನಗು. ಅಂಗಡಿಯ ತುಂಬ ಕಪ್ಪು ಮಕ್ಕಳು, ಅವರ ಅಜ್ಜಿಯರು, ತೊಡೆಯ ಮೇಲೆ ಕಪ್ ಕೇಕು. ಹಳದಿ ಚೌಕಟ್ಟಿನ ಕನ್ನಡಕದ ಎತ್ತರದ ಹೆಂಗಸು ಮೈಕು ಬೇಡವೆಂದು ಸರಿಸಿ ಓದತೊಡಗಿದರು. ದಕ್ಷಿಣ ಕ್ಯಾರೊಲೈನಾದ ಒಂದು ಬೀದಿ. ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವ ಹುಡುಗಿ, ಅವಳ ಅಣ್ಣ. ಹಾಡುಹಗಲಲ್ಲಿ ಇಬ್ಬರು ಪೊಲೀಸರು ಆ ಅಣ್ಣನನ್ನು ಬಡಿದು ಸಾಯಿಸುತ್ತಾರೆ. ಹಲ್ಲು ಮುರಿದ ಸದ್ದನ್ನೂ ಲೇಖಕಿ ಬಿಟ್ಟಿರಲಿಲ್ಲ. ಎದುರು ಮನೆಯ ಹೆಂಗಸು ಗಿಡಕ್ಕೆ ನೀರು ಹಾಕುತ್ತಿದ್ದವಳು ಎಲ್ಲವನ್ನೂ ನೋಡುತ್ತಾಳೆ, ಕೊಳಾಯಿ ನಿಲ್ಲಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮಕ್ಕಳ ಪುಸ್ತಕ ಎಂದರೆ ರಾಜ, ರಾಣಿ, ಮೊಲ ಎಂದುಕೊಂಡಿದ್ದೆ ನಾನು.

ಪ್ರಶ್ನೆ ಕೇಳಿ ಎಂದಾಗ ನಿಯಾ ಎದ್ದು ನಿಂತಳು. "ಅವನನ್ನ ಸಾಯಿಸಲೇಬೇಕಿತ್ತಾ?"

ಲೇಖಕಿ ಕನ್ನಡಕ ತೆಗೆದರು. "ಮೂರು ಸಲ ಅವನನ್ನ ಉಳಿಸಿ ಬರೆದೆ, ಕಂದ. ಅವನು ಉಳೀಬೇಕಾದ್ರೆ ಆ ಬೀದೀಲಿ ಯಾರಾದ್ರೂ ಒಬ್ರು ಬಾಯಿ ಬಿಡಬೇಕಿತ್ತು. ಆ ಹೆಂಗಸಿನ ಕೈಲಿ ಬಾಯಿ ಬಿಡಿಸೋಕೆ ನನ್ನಿಂದ ಆಗಲಿಲ್ಲ." ಆಮೇಲೆ ಪುಸ್ತಕದ ಮೊದಲ ಹಾಳೆಯಲ್ಲಿ ನೇರಳೆ ಶಾಯಿಯಿಂದ ನಿಯಾಳ ಹೆಸರು ಬರೆದು, ಕೆಳಗೆ ರುಜು ಹಾಕಿಕೊಟ್ಟರು.

ನಿಯಾ ಎರಡೇ ದಿನದಲ್ಲಿ ಓದಿ ಮುಗಿಸಿ ನನಗೆ ಕೊಟ್ಟಳು. ಅಮ್ಮ ಅದನ್ನು ನೋಡಿದ್ದೇ ತಡ, "ಪರರ ಪುಸ್ತಕ ಕಣೇ, ಮೂಲೆ ಮಡಚಿದ್ರೆ ಏನ್ ಹೇಳ್ತೀಯ?" ಎಂದು ತರಕಾರಿ ತಂದ ಕಂದು ಕಾಗದದ ಚೀಲ ಕತ್ತರಿಸಿ ಬೈಂಡು ಹಾಕಿದಳು. ಅಮೆರಿಕದ ಲೈಬ್ರರಿ ಪುಸ್ತಕಗಳಿಗೂ ಬೈಂಡು ಹಾಕುವ ಹೆಂಗಸು ನಮ್ಮಮ್ಮ. ಮೈದಾ ಅಂಟಿನ ವಾಸನೆ ಆರುವ ಮೊದಲೇ ನಾನು ಓದಲು ಕೂತೆ. ಆ ಎದುರುಮನೆ ಹೆಂಗಸು ಬಾಗಿಲು ಹಾಕಿಕೊಳ್ಳುವ ಪುಟ ಬಂದಾಗ ನನಗೆ ಪಿತ್ತ ನೆತ್ತಿಗೇರಿತು. ಪರರ ಪುಸ್ತಕ ಎಂಬುದನ್ನೂ ಮರೆತು, ಪೆನ್ಸಿಲ್ ಒತ್ತಿ ಒತ್ತಿ ಅಂಚಿನಲ್ಲಿ ಕನ್ನಡದಲ್ಲಿ ಬರೆದೆ: ಹೇಡಿ.

ವಾಪಸ್ ಕೊಡಲೆಂದು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದ ದಿನವೇ ಅದು ನಡೆಯಿತು. ಶಾಲೆ ಬಿಟ್ಟಿತ್ತು, ಬಸ್ಸು ಇನ್ನೂ ಶಾಲೆಯ ಅಂಗಳದಲ್ಲೇ ನಿಂತಿತ್ತು. ನಿಯಾ ಆಗಲಿ, ಕೋಲ್ಟನ್‌ನ ಸಂಗಡಿಗರಾಗಲಿ, ಡ್ರೈವರ್ ಆಗಲಿ ಇನ್ನೂ ಹತ್ತಿರಲಿಲ್ಲ. ಕೋಲ್ಟನ್ ನನ್ನ ಬ್ಯಾಗಿಗೆ ಕೈಹಾಕಿ ಆ ಪುಸ್ತಕವನ್ನೇ ಎಳೆದ. ಕೆಳಗೆ ಹಾಕಿ, ಕೆಸರು ಮೆತ್ತಿದ ಶೂ ಇಟ್ಟು, ಹಿಮ್ಮಡಿಯಿಂದ ತಿರುಚಿದ. ಬೈಂಡು ಹರಿಯಿತು. "ಬಗ್ಗು" ಎಂದ.

ನಾನು ಬಗ್ಗಿದೆ. ಪುಸ್ತಕ ಎತ್ತಲಿಲ್ಲ, ಪಕ್ಕದಲ್ಲಿದ್ದ ನನ್ನ ಸ್ಟೀಲ್ ನೀರಿನ ಬಾಟಲಿ ಎತ್ತಿಕೊಂಡೆ. ಮೊದಲನೇ ಏಟು ಅವನ ಮೂಗಿಗೆ ಬಿತ್ತು, ಏನೋ ಮುರಿದದ್ದು ನನ್ನ ಕೈಗೇ ತಿಳಿಯಿತು. ಎರಡನೆಯದು ಹುಬ್ಬಿಗೆ. ಅವನು ಸೀಟಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡಿದ್ದ. ಮೂರನೆಯದು ಬೇಕಿರಲಿಲ್ಲ. ನನಗೆ ಖುಷಿಯಾಗುತ್ತಿತ್ತು, ಅದಕ್ಕೆ ಹೊಡೆದೆ. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ನಿಯಾ ಹತ್ತಿದಳು. "ಸಾಕು! ಸಾಯ್ತಾನೆ ಅವನು!" ಎಂದು ನನ್ನನ್ನು ಹಿಂದಕ್ಕೆ ತಳ್ಳಿ, ಬಾಟಲಿ ಕಿತ್ತುಕೊಂಡು, ಮಧ್ಯೆ ನಿಂತಳು. ಅವಳ ಬಿಳಿ ಅಂಗಿಗೆ ಕೋಲ್ಟನ್‌ನ ರಕ್ತ ಸಿಡಿದಿತ್ತು.

ಶಾಲೆಯ ಕಾವಲಿಗೆಂದೇ ಇದ್ದ ಪೊಲೀಸ್ ಒಳಗೆ ನುಗ್ಗಿದಾಗ ಕಂಡದ್ದು ಅಷ್ಟೇ: ರಕ್ತ, ಬಾಟಲಿ, ಅದನ್ನು ಹಿಡಿದ ಕಪ್ಪು ಹುಡುಗಿ. ಯಾರನ್ನೂ ಏನೂ ಕೇಳಲಿಲ್ಲ. ಅವಳ ಜಡೆಗಳನ್ನು ಹಿಡಿದೆಳೆದು ಸೀಟುಗಳ ನಡುವೆ ಬೋರಲು ಕೆಡವಿದ. ಬೆನ್ನ ಮೇಲೆ ಮೊಣಕಾಲೂರಿದ. ಕೈ ಹಿಂದಕ್ಕೆ ತಿರುಚಿದಾಗ ಲಟಕ್ಕೆಂದಿತು, ನಿಯಾ ಕಿರುಚಿದಳು. ಅವಳ ಕೆನ್ನೆ ಆ ಪುಸ್ತಕದ ಪಕ್ಕದಲ್ಲೇ ನೆಲಕ್ಕೆ ಒತ್ತಿಕೊಂಡಿತ್ತು. ಅವಳು ನನ್ನನ್ನೇ ನೋಡಿದಳು. ಆ ಪೊಲೀಸ್ ತಲೆಯೆತ್ತಿ ನನ್ನನ್ನು ಕೇಳಿದ, "ನಿನಗೇನೂ ಆಗಿಲ್ಲ ತಾನೇ, ಪುಟ್ಟಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ಕಣ್ಣಾರೆ ಕಂಡವಳೆಂದು ನನ್ನಿಂದ ಹೇಳಿಕೆ ಬರೆಸಲು ಆಫೀಸಿನಲ್ಲಿ ಕೂರಿಸಿದರು. ಅಪ್ಪ ಓಡಿಬಂದ. ಕಾರಿಡಾರಿನಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದೆ, "ಅಪ್ಪ, ಹೊಡೆದಿದ್ದು ನಾನು. ಅವಳಲ್ಲ."

ಅದುವರೆಗೆ ನನ್ನ ಮೇಲೆ ಕೈಯೆತ್ತದ ಅಪ್ಪ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಎಂದಿತು. ಬಾರಿಸಿದ ಕೈಯಲ್ಲೇ ನನ್ನ ತಲೆ ಹಿಡಿದುಕೊಂಡು ಹೇಳಿದ, "ಸಿಂಚು, ನಾವು ವೀಸಾ ಮೇಲಿರೋರು ಕಣಮ್ಮ. ಪೊಲೀಸ್ ರೆಕಾರ್ಡ್ ಆದ್ರೆ ಎಲ್ಲಾ ಪ್ಯಾಕ್ ಮಾಡ್ಕೊಂಡು ಹೊರಡ್ಬೇಕಾಗತ್ತೆ. ಅವರು ಸಿಟಿಜನ್ಸು, ಅವರಿಗೇನೂ ಆಗಲ್ಲ. ನೋಡಿಲ್ಲ ಅಂತ ಬರಿ."

ನಾನು ಬರೆದೆ. ನಾಲ್ಕು ಸಾಲು, ಅಂದವಾದ ಅಕ್ಷರ. ಕಣ್ಣು ಮುಚ್ಚಿಕೊಂಡಿದ್ದೆ, ಏನೂ ನೋಡಲಿಲ್ಲ ಎಂದು.

ಮನೆಯಲ್ಲಿ ಅಮ್ಮ ಬ್ಯಾಗು ಖಾಲಿ ಮಾಡಿದಾಗ ಹರಿದ ಬೈಂಡಿನ ಪುಸ್ತಕ ಸಿಕ್ಕಿತು. ಬಸ್ಸಿಂದ ಇಳಿಸುವಾಗ ಯಾರೋ ಅದನ್ನು ನನ್ನದೆಂದು ತಿಳಿದು ಬ್ಯಾಗಿನೊಳಗೆ ತುರುಕಿದ್ದರು. ನನ್ನ ಅಂಗಿಯ ತೋಳಿನಲ್ಲಿದ್ದ ರಕ್ತವನ್ನು ಅಮ್ಮ ನೋಡಿದಳು, ನನ್ನ ಮುಖ ನೋಡಿದಳು. ಬೇರೆ ಕಾಗದ ಕತ್ತರಿಸಿ, ಮತ್ತೆ ಬೈಂಡು ಹಾಕಿ, "ಕೊಟ್ಟು ಬಾ" ಎಂದಳು.

ಕೊಡಲು ನಿಯಾ ಇರಲಿಲ್ಲ. ಅವಳ ಮಣಿಕಟ್ಟು ಮುರಿದಿತ್ತು, ಶಾಲೆಯಿಂದ ಹೊರಹಾಕಿದ್ದರು, ಪ್ರಕರಣ ಕೋರ್ಟಿಗೆ ಹೋಗಿತ್ತು. ನನ್ನ ಹೆಸರೆತ್ತಿದರೆ ಪುಸ್ತಕದ ಆಟವೂ ಹೊರಬೀಳುತ್ತದೆಂದು ಕೋಲ್ಟನ್ ಕೂಡ ನಿಯಾಳತ್ತಲೇ ಬೆರಳು ತೋರಿಸಿದ್ದನಂತೆ. ಒಮ್ಮೆ ಅಂಗಡಿಯ ಪಾರ್ಕಿಂಗ್‌ನಲ್ಲಿ ಮಿಸ್ ರೀಟಾ ಸಿಕ್ಕರು. ನಾನು ಅಭ್ಯಾಸಬಲದಿಂದ ಆಂಟಿ ಎಂದೆ. ಅವರು ನಗಲಿಲ್ಲ. "ನೀನು ಬರೆದಿದ್ದನ್ನ ನಮಗೆ ಓದಿ ಹೇಳಿದ್ರು" ಎಂದಷ್ಟೇ ಹೇಳಿ ಕಾರು ಹತ್ತಿದರು. ಆ ಚಳಿಗಾಲದಲ್ಲೇ ಅವರು ಮನೆ ಖಾಲಿ ಮಾಡಿ ದೂರದ ಷಾರ್ಲೆಟ್ ನಗರಕ್ಕೆ ಹೋದರು. ಕೋಲ್ಟನ್ ಮತ್ತೆ ನನ್ನ ತಂಟೆಗೆ ಬರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ವರ್ಷವಿಡೀ ಖಾಲಿಯಿತ್ತು.

ಈಗ ನಮಗೆ ಗ್ರೀನ್ ಕಾರ್ಡ್ ಬಂದಿದೆ. ಬಂದ ದಿನ ಅಪ್ಪ ಮೈಸೂರ್ ಪಾಕ್ ಹಂಚಿದ. ನಾನು ರೂಮಿಗೆ ಹೋಗಿ ನಿಯಾಳನ್ನು ಫೋನಿನಲ್ಲಿ ಹುಡುಕಿ, ನಡೆದದ್ದನ್ನೆಲ್ಲ ಒಪ್ಪಿಕೊಂಡು, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಪುಸ್ತಕವನ್ನೂ ತರುತ್ತೇನೆ ಎಂದು ಉದ್ದಕ್ಕೆ ಬರೆದೆ. ಮೂರು ದಿನ ಬಿಟ್ಟು ಉತ್ತರ ಬಂತು: "ಆಗ ಬೇಕಿತ್ತು. ಪುಸ್ತಕ ನೀನೇ ಇಟ್ಕೋ, ನಾನು ಬೇರೆ ತಗೊಂಡೆ."

ಬೇರೆಯದರಲ್ಲಿ ಅವಳ ಹೆಸರು ನೇರಳೆ ಶಾಯಿಯಲ್ಲಿ ಇರುವುದಿಲ್ಲ. ಅದು ನನ್ನ ಹತ್ತಿರವೇ ಉಳಿಯಿತು. ಕಡಲೆಬೀಜ ಹೆಕ್ಕಿ ತಿನ್ನುತ್ತಿದ್ದ ಆ ಬೆರಳುಗಳು ಇನ್ನೆಂದೂ ನನ್ನ ಡಬ್ಬಿಗೆ ಬರುವುದಿಲ್ಲ ಎಂದು ಅವತ್ತು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಪುಸ್ತಕ ತೆಗೆದು ಆ ಪುಟ ಹುಡುಕಿದೆ. ಹೆಂಗಸು ಕೊಳಾಯಿ ನಿಲ್ಲಿಸುತ್ತಾಳೆ, ಒಳಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಪಕ್ಕದಲ್ಲಿ ಹದಿಮೂರು ವರ್ಷದ ನನ್ನ ಕೈಬರಹ: ಹೇಡಿ. ಅಳಿಸಲೆಂದು ರಬ್ಬರು ಕೈಗೆತ್ತಿಕೊಂಡೆ. ಆಮೇಲೆ ಅದನ್ನು ಕೆಳಗಿಟ್ಟು, ಆ ಪದದ ಕೆಳಗೆ ಪೆನ್ನಿನಿಂದ ನನ್ನ ಪೂರ್ತಿ ಹೆಸರು ಬರೆದೆ.