ಅಪ್ಪನ ಬಿಗಿ ಕ್ಲಚ್ಚು

ಭಾನುವಾರ ಬೆಳಿಗ್ಗೆ ಮಗರಾಯ ಸ್ಪ್ಯಾನರ್ ಹಿಡಿದು ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಬಟ್ಟೆ ಗೋದಾಮಿನಲ್ಲಿ ಬಿಲ್ ಬರೆಯುವ ಆಸಾಮಿ. ಅವನ ಮೆಕ್ಯಾನಿಕ್ ವಿದ್ಯೆಯೆಲ್ಲ ಮೊಬೈಲಿನ ವಿಡಿಯೊಗಳಿಂದ ಬಂದದ್ದು, ಅವನ್ನೂ ಪೂರ್ತಿ ನೋಡಿದವನಲ್ಲ. ಬೈಕು ಅಪ್ಪನದು. ವಯಸ್ಸಿನಲ್ಲಿ ಮಗನಿಗಿಂತ ಹಿರಿದು, ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಒಂದು ಕೈ ಹೆಚ್ಚು. ಕರೆಂಟ್ ಮೀಟರ್ ಓದುವ ಕೆಲಸದ ಅಪ್ಪ ಅದರ ಮೇಲೆ ಕೂತೇ ಊರಿನ ಗಲ್ಲಿಗಲ್ಲಿ ಅಳೆದಿದ್ದರು.

ಚಳಿಗಾಲದಲ್ಲಿ ಅವರಿಗೆ ಸಣ್ಣಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು. "ಗಾಡಿ ಓಡಿಸಬಹುದಾ ಅಂತ ನಿಮ್ಮ ಎಡಗೈಯನ್ನೇ ಕೇಳಿ" ಎಂದಿದ್ದರು ಡಾಕ್ಟರು. ಅಪ್ಪ ಕೈಯನ್ನು ಕೇಳಲು ಹೋಗಲಿಲ್ಲ. ಆ ಕೈಯಲ್ಲಿ ಹಿಡಿಯುವ ಕ್ಲಚ್ಚೇ ಬಿಗಿಯಾಗಿದೆ ಎಂದುಬಿಟ್ಟರು. ನಾಳೆ ಕೆಲಸಕ್ಕೆ ಮರಳಬೇಕು, ಬೈಕಿಲ್ಲದೆ ಆ ಕೆಲಸವಿಲ್ಲ.

"ಕೇಬಲ್ ಒಣಗಿರುತ್ತೆ ಕಣೋ, ಎಣ್ಣೆ ಬಿಡು."

ಎಣ್ಣೆ ಬಿಟ್ಟದ್ದಾಯಿತು. ಹೊಸ ಕೇಬಲ್ ಹಾಕಿದ್ದೂ ಆಯಿತು. ಅಪ್ಪ ಲಿವರ್ ಹಿಡಿದು ನೋಡಿ, "ಊಹೂಂ, ಕಲ್ಲು" ಎಂದರು. ಆಗ ಮಗನ ತಲೆಗೆ ಮಹಾ ಉಪಾಯವೊಂದು ಹೊಳೆಯಿತು. ಅಡ್ಜಸ್ಟರ್ ತಿರುಗಿಸಿ ಕೇಬಲನ್ನು ಸಡಿಲ ಬಿಟ್ಟ, ಇನ್ನಷ್ಟು ಬಿಟ್ಟ. ಲಿವರ್ ಬೆಣ್ಣೆಯಂತಾಯಿತು.

ಅಪ್ಪ ಸೀಟೇರಿ ಕೂತು ಹಿಡಿದರು. ಹ್ಯಾಂಡಲಿಗೆ ತಾಗುವವರೆಗೂ ಸಲೀಸಾಗಿ ಬಂತು. ಮುಖ ಅರಳಿತು.

"ನೋಡಿದ್ಯಾ? ನಾನು ಬಡ್ಕೊಂಡೆ, ಕೇಬಲ್ಲೇ ಅಂತ."

ಮಗನ ಎದೆ ಎರಡಂಗುಲ ಉಬ್ಬಿತು. ಅವನು ಪಕ್ಕದಲ್ಲಿ ನಿಂತೇ ಕಿಕ್ ಹೊಡೆದ. ಅಪ್ಪ ಕ್ಲಚ್ ಹಿಡಿದೇ ಗೇರ್ ಒತ್ತಿದರು. ಬೈಕು ಬೆದರಿದ ಕರುವಿನಂತೆ ನೆಗೆದು, ಗೇಟಿಗೆ ಗುದ್ದಿ ಬಂದ್ ಆಯಿತು. ಲಿವರ್ ಎಳೆದದ್ದು ಬರೀ ಸಡಿಲವನ್ನು. ಒಳಗೆ ಕ್ಲಚ್ ಬಿಟ್ಟುಕೊಂಡೇ ಇರಲಿಲ್ಲ.

ಅಮ್ಮ ಬಾಗಿಲಿಗೆ ಬಂದಳು. "ಯಾರಿಗೂ ಏನೂ ಆಗಿಲ್ಲ ತಾನೆ?"

"ಇಲ್ಲಮ್ಮ, ಈ ಹಳೇ ಕ್ಲಚ್ಚೇ ಸರಿಯಿಲ್ಲ," ಎಂದ ಮಗ.

"ಹೌದಪ್ಪ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಅವಳು ಹೇಳಿದ್ದು ಮಗನಿಗೆ. ಮಗ ಹಲ್ಲು ಕಿರಿದ. ಅಪ್ಪ ನಗಲಿಲ್ಲ. ತಮ್ಮ ಎಡ ಅಂಗೈ ನೋಡುತ್ತ ಕೂತರು. ಅಮ್ಮನಿಗೂ ಅದು ಕಂಡಿರಬೇಕು, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳು.

ಮಗ ಅಡ್ಜಸ್ಟರನ್ನು ಮತ್ತೆ ಬಿಗಿ ಮಾಡಿದ. ಲಿವರಿನ ಬುಡದಲ್ಲಿ ನಾಣ್ಯದಷ್ಟು ದಪ್ಪದ ಸಡಿಲ, ಇರಬೇಕಾದಷ್ಟೇ. ಎರಡು ಬೆರಳಲ್ಲಿ ಎಳೆದು ನೋಡಿದ. ಬಂತು, ಸುಖವಾಗಿ ಬಂತು. ಬಂದದ್ದೇ ಅವನಿಗೆ ಬೇಡವಾಗಿತ್ತು.

"ಈಗ ನೋಡಪ್ಪ."

ಅಪ್ಪನ ಬೆರಳುಗಳು ಅರ್ಧದವರೆಗೆ ಎಳೆದು, ನಡುಗಿ, ನಿಂತವು. ಅವರು ಬಲಗೈಯನ್ನೂ ಈಚೆ ತಂದು ಎರಡೂ ಕೈಯಲ್ಲಿ ಎಳೆದರು. ಲಿವರ್ ಪೂರ್ತಿ ಬಂತು. ಆಚೆ ಬದಿಯ ಆಕ್ಸಿಲರೇಟರ್ ಹಿಡಿಯಲು ಕೈಯಿಲ್ಲದೆ ಖಾಲಿ ಉಳಿಯಿತು. ಅಪ್ಪ ಅದನ್ನೊಮ್ಮೆ ನೋಡಿ, ಕೈಬಿಟ್ಟರು.

"ಇನ್ನೂ ಬಿಗಿ ಇದೆ, ಅಲ್ವೇನೋ?"

ಇಷ್ಟು ಮೆಲ್ಲಗೆ ಅಪ್ಪ ಅವನನ್ನು ಯಾವತ್ತೂ ಏನನ್ನೂ ಕೇಳಿರಲಿಲ್ಲ. ಗೋದಾಮಿನಲ್ಲಿ ಗಿರಾಕಿಗಳಿಗೆ ಸುಳ್ಳು ಹೇಳಿ ಪಳಗಿದವನು ಈಗ ಸ್ಪ್ಯಾನರನ್ನು ಒರೆಸತೊಡಗಿದ.

"ಹೂಂ ಅಪ್ಪ. ಒಳಗೆ ಸ್ಪ್ರಿಂಗ್ ನೋಡ್ಬೇಕು."

"ಸ್ಪ್ರಿಂಗ್ ಅಂದ್ರೆ ಇಂಜಿನ್ನೇ ಬಿಚ್ಬೇಕಾಗುತ್ತೆ. ದಿನ ಹಿಡಿಯುತ್ತೆ."

"ಹಿಡಿಯುತ್ತೆ."

"ಹಾಗಾದ್ರೆ ನಾಳೆ ಎಲ್ಲಿಂದ ಹೋಗ್ಲಿ? ಸೂಪರ್‌ವೈಸರಿಗೆ ನೀನೇ ಹೇಳ್ಬಿಡು, ಗಾಡಿ ಕೆಟ್ಟಿದೆ ಅಂತ. ನಾನು ಹೇಳಿದ್ರೆ ಆ ಕಡೆಯಿಂದ ನೂರು ಪ್ರಶ್ನೆ."

ಮಗ ಎಣ್ಣೆಗೈಯಲ್ಲೇ ಫೋನ್ ಮಾಡಿ, ಗಾಡಿ ಕೆಟ್ಟಿದೆ ಎಂದು ಹೇಳಿದ. ಯಾವಾಗ ರೆಡಿಯಾಗುತ್ತೆ ಎಂದು ಆ ಕಡೆಯವರು ಕೇಳಿದರು. ಗೊತ್ತಿಲ್ಲ ಸಾರ್ ಎಂದ. ಅಪ್ಪ ಸೀಟಿನಿಂದ ಇಳಿದು, ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತು ಕಾಯತೊಡಗಿದರು.

ಮಗ ಇಂಜಿನ್ ಆಯಿಲನ್ನು ಡಬ್ಬಿಗೆ ಇಳಿಸಿದ. ಆಮೇಲೆ, ಏನೂ ಕೆಡದ ಇಂಜಿನ್ನಿನ ಕವರಿನ ಮೊದಲ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ.