ಸೂರ್ಯನಿಗೆ ಬೆನ್ನು ಹಾಕದ ಫೋಟೋ

ಕಾಶಿಯ ಹನುಮಾನ್ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುವುದು ನನ್ನ ಕೆಲಸ. ಅವರ ಫೋಟೋ ಕೆಟ್ಟರೆ ಬೈಸಿಕೊಳ್ಳುವುದೂ ಈಚೆಗೆ ಅದರಲ್ಲೇ ಸೇರಿಕೊಂಡಿದೆ.

ಅವತ್ತು ಬೆಳಿಗ್ಗೆ ಹಾಸನದ ಸರೋಜಮ್ಮನವರ ಕುಟುಂಬಕ್ಕೆ ಗಂಗಾಸ್ನಾನ ಮಾಡಿಸಿ, ಸೂರ್ಯನಿಗೆ ಅರ್ಘ್ಯ ಕೊಡಿಸಿ, ದೋಣಿ ಹತ್ತಿಸಿದ್ದೆ. ಸರೋಜಮ್ಮ ಬಿಸಿಲಿಗೆ ಎದುರಾಗಿಯೇ ಫೋನ್ ಹಿಡಿದು ಫೋಟೋ ತೆಗೆದರು. ಆಕಾಶ ಸುಣ್ಣ ಬಳಿದ ಹಾಗೆ, ದೋಣಿಗಳೆಲ್ಲ ಮಸಿ.

"ಶಾಸ್ತ್ರಿಗಳೇ, ಇದು ಕಾಶಿ ಅಂದ್ರೆ ಊರಲ್ಲಿ ಯಾರು ನಂಬ್ತಾರೆ?"

"ಸೂರ್ಯನಿಗೆ ಬೆನ್ನು ಮಾಡಿ ಘಾಟ್ ಕಡೆ ತಿರುಗಿ ಅಮ್ಮ. ಬಿಸಿಲಿಗೆ ಗೋಪುರ ಹೊಳೆಯುತ್ತೆ, ಗಲ್ಲಿಗಳ ಬಾಯಿ ಕತ್ತಲಿರುತ್ತೆ. ಆ ಬೆಳಕು ನೆರಳಿನ ವ್ಯತ್ಯಾಸಕ್ಕೇ ಚಿತ್ರ ಎದ್ದು ಬರೋದು."

"ಈಗ ತಾನೇ ಅವನಿಗೆ ಕೈ ಮುಗಿಸಿದ್ರಿ. ಕೈ ಒಣಗೋ ಮೊದಲೇ ಬೆನ್ನು ತೋರಿಸು ಅಂತೀರಾ? ಯಾವ ಶಾಸ್ತ್ರದಲ್ಲಿದೆ?"

ದೋಣಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಸಂಜೆ ತೆಗೆಯೋಣ ಅನ್ನುವ ಹಾಗೂ ಇಲ್ಲ. ಆಗ ಸೂರ್ಯ ಘಾಟಿನ ಹಿಂದೆ ಇಳಿದು ಇಡೀ ಊರೇ ಮಸಿಯಾಗುತ್ತದೆ.

ಸರೋಜಮ್ಮ ನನ್ನ ಉತ್ತರಕ್ಕೆ ಕಾಯಲಿಲ್ಲ. ಸೂರ್ಯನಿಗೆ ಮುಖ ಮಾಡಿಕೊಂಡೇ ಸೆಲ್ಫಿ ಕ್ಯಾಮೆರಾ ಹಾಕಿ, ಫೋನನ್ನು ತಲೆಗಿಂತ ಮೇಲೆತ್ತಿ ಒತ್ತಿದರು. ಹಿಂದಿನ ಘಾಟ್ ಪೂರ್ತಿ ಹೊಂಬಣ್ಣಕ್ಕೆ ಬಂದಿತ್ತು. ಕೆಳಗೆ ಅಂಚಿನಲ್ಲಿ ಅವರ ಕುಂಕುಮದ ಹಣೆ ಮಾತ್ರ.

"ನೋಡಿ, ಯಾವ ದೇವರಿಗೂ ಬೆನ್ನು ತೋರಿಸಲಿಲ್ಲ" ಅಂದರು.

ಅವರ ಬೆನ್ನ ಹಿಂದೆ, ಘಾಟಿನಾಚೆ ಗುಡಿಯಲ್ಲಿ ಸಾಕ್ಷಾತ್ ವಿಶ್ವನಾಥನೇ ಇದ್ದಾನೆ ಅನ್ನುವುದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಹೇಳಿದ್ದರೆ ಅವರನ್ನು ನಿಲ್ಲಿಸಲು ನನಗೆ ಕಾಶಿಯಲ್ಲಿ ಒಂದು ದಿಕ್ಕೂ ಉಳಿಯುತ್ತಿರಲಿಲ್ಲ.