ಗಟ್ಟಿಯಿದ್ದವರು ತಿನ್ನದ ಹಣ್ಣು

ಕೆರಿಯಮ್ಮ ದುಗ್ಗಪ್ಪನನ್ನು ಮೊದಲು ಕಂಡದ್ದು ಸಾಗರದ ರೈಲ್ವೆ ನಿಲ್ದಾಣದಲ್ಲಿ, ಅರವತ್ತೊಂದನೇ ಇಸವಿಯ ದೀಪಾವಳಿ ಕಳೆದ ವಾರ. ಅವಳು ಹೋದದ್ದು ಹುಲ್ಲಿಗೆ. ಶಿವಮೊಗ್ಗದ ಗಾಡಿಯಲ್ಲಿ ಬಂದಿಳಿಯುವ ಮರದ ಪೆಟ್ಟಿಗೆಗಳಲ್ಲಿ ಮೆತ್ತನೆಯ ಒಣಹುಲ್ಲಿರುತ್ತದೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಮನೆಯಲ್ಲಿ ಎಮ್ಮೆ ಈದಿತ್ತು, ಕರುವಿನ ಅಡಿಗೆ ಹಾಸಲು ಬೇಕಿತ್ತು. ಪ್ಲಾಟ್‌ಫಾರಂ ತುಂಬ ಜನ. ಪೆಟ್ಟಿಗೆಯ ಸುತ್ತ ಮಾತ್ರ ಯಾರೂ ಇಲ್ಲ. ತೆಳ್ಳಗಿನ ಮನುಷ್ಯನೊಬ್ಬ ಕುಕ್ಕರುಗಾಲಲ್ಲಿ ಕೂತು ಮೊಳೆ ಕೀಳುತ್ತಿದ್ದ.

"ಹುಲ್ಲು ಬೇಕಿತ್ತಣ್ಣ."

"ತಗೊಳಕ್ಕ. ಆದ್ರೆ ಮೊದ್ಲು ಹಣ್ಣು ಆರಿಸಿಕೊಡ್ಬೇಕು. ಮುಟ್ತೀಯಾ?"

ಹುಲ್ಲಿನ ನಡುವೆ ಸೇಬು. ಹಣ್ಣು ಮುಟ್ಟುವುದಕ್ಕೆ ಎಂತ ಎಂದು ಅವಳು ಕೈ ಹಾಕಿದಳು. ಹಿಂದಿನಿಂದ ಹಮಾಲಿಯೊಬ್ಬ ಕೂಗಿದ: "ಏ ಮಾರಾಯ್ತಿ, ಮನೇಲಿ ಯಾರಾದ್ರೂ ಮಲಗಿದಾರಾ ಎಂತ?"

ಕಾಡಿನಂಚಿನ ಊರಿಂದ ಬಂದ ಕೆರಿಯಮ್ಮನಿಗೆ ಆ ಮಾತು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆಗ ನಮ್ಮ ಕಡೆ ಸೇಬು ಎಂದರೆ ಕಾಯಿಲೆಯವರ ಹಣ್ಣು. ಗಂಜಿಯೂ ಇಳಿಯದೆ, ಡಾಕ್ಟರೂ ತಲೆ ಆಡಿಸಿ ಹೋದ ಮೇಲೆ ಮನೆಯವರು ಒಂದು ತರುವರು. ತೆಳ್ಳಗೆ ಹೆಚ್ಚಿ ಬಾಯಿಗಿಡುವರು. ಅರ್ಧ ಹಣ್ಣು ತಟ್ಟೆಯಲ್ಲೇ ಕಪ್ಪಾಗುವುದು. ಒಂದು ಮನೆಗೆ ಸೇಬು ಹೋಯಿತೆಂದರೆ ಅಕ್ಕಪಕ್ಕದವರ ದನಿ ತಗ್ಗುತ್ತಿತ್ತು.

ದುಗ್ಗಪ್ಪನ ಕಷ್ಟ ಅಲ್ಲೇ ಇತ್ತು. ಹಣ್ಣು ಎಲ್ಲಿಯದೋ ಉತ್ತರದ ಬೆಟ್ಟದ್ದು. ದಿಲ್ಲಿ, ಬೆಂಗಳೂರು, ಶಿವಮೊಗ್ಗ ಎಂದು ಕೈ ಬದಲಾಗುತ್ತ ಬರುವುದು. ಪ್ರತಿ ಕೈಯೂ ತನ್ನ ಪಾಲು ತೆಗೆದುಕೊಂಡೇ ಮುಂದೆ ಬಿಡುವುದು. ದಾರಿಯಲ್ಲಿ ಕೊಳೆತದ್ದು ಮಾತ್ರ ಕೊನೆಯವನ ಪಾಲು. ಶಿವಮೊಗ್ಗದ ಸಾಹುಕಾರ ಪೆಟ್ಟಿಗೆ ಒಡೆದು ಕೊಡುತ್ತಿರಲಿಲ್ಲ, ಇಡೀ ಪೆಟ್ಟಿಗೆಯನ್ನೇ ಎತ್ತಬೇಕು. ಇಲ್ಲಿ ಮಾರುವುದು ಒಂದೊಂದೇ ಹಣ್ಣು, ಅದೂ ಯಾರಾದರೂ ಹಾಸಿಗೆ ಹಿಡಿದರೆ.

"ಗಟ್ಟಿಯಿದ್ದೋರು ಒಬ್ರು, ಒಬ್ರೇ ಒಬ್ರು, ನಾಲ್ಕು ಜನರ ಎದುರು ತಿನ್ಲಿ ನೋಡು. ಪೆಟ್ಟಿಗೆ ಒಂದೇ ಸಂತೇಲಿ ಖಾಲಿ. ನಂಗೂ ಕಾಯಿಲೆ ಹುಡುಕ್ಕೊಂಡು ತಿರುಗೋದು ತಪ್ತದೆ," ಎನ್ನುತ್ತಿದ್ದ.

ಅವಳು ಪ್ರತಿ ವರ್ಷ ಹಂಗಾಮಿಗೆ ಹಣ್ಣು ಆರಿಸಲು ಹೋದಳು. ಹೆಬ್ಬೆರಳಲ್ಲಿ ತೊಟ್ಟಿನ ಬುಡ ಒತ್ತಿ ಮೂರು ರಾಶಿ. ಕಲ್ಲಿನಂಥದ್ದು ತೀರ್ಥಹಳ್ಳಿಗೆ, ಬಸ್ಸಿನ ಕುಲುಕಾಟ ತಡೆಯಬೇಕಲ್ಲ. ಒಂಚೂರು ಬಿಟ್ಟುಕೊಟ್ಟದ್ದು ಹೊಸನಗರಕ್ಕೆ. ಕಲೆ ಬಿದ್ದದ್ದು ಅಂದೇ ಸಾಗರದಲ್ಲಿ. ಇಷ್ಟಾದರೂ ಒಂದು ಚೂರನ್ನೂ ಅವಳು ನಾಲಿಗೆಗೆ ಸೋಕಿಸಲಿಲ್ಲ. ಅವನೂ ತಿನ್ನು ಎನ್ನಲಿಲ್ಲ. ಕೈ ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಅವಳು ಓಣಿಗೆ ಬಂದರೆ ಅದು ಮುಂದೆ ಬರುತ್ತಿತ್ತು, ಬಾಗಿಲಲ್ಲಿದ್ದ ಹೆಂಗಸರು ಎದ್ದು ಒಳಗೆ ಹೋಗುತ್ತಿದ್ದರು.

ರಿಪ್ಪನ್‌ಪೇಟೆ ಸಂತೆಯಲ್ಲಿ ಒಮ್ಮೆ ದುಗ್ಗಪ್ಪ ಎಲ್ಲರೆದುರು ತಾನೇ ಕಚ್ಚಿ ತಿಂದ. ಬೆಲ್ಲದ ವಾಸಪ್ಪ ನಕ್ಕ: "ನೀ ತಿಂದ್ರೆ ಎಂತಾಯ್ತೋ? ಯಮ ತನ್ನ ಮನೆ ಆಳಿಗೆ ಎಂತ ಮಾಡ್ತಾನೆ! ಇವತ್ತು ಯಾರ ಮನೆ ಸರದಿ, ಅದ್ ಹೇಳು." ಸುತ್ತಲಿದ್ದವರು ನಕ್ಕರು, ನಗುತ್ತಲೇ ದೂರ ಸರಿದರು. ತಾಯಿಯೊಬ್ಬಳು ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು.

ಅರವತ್ತಾರರ ಚಳಿಗಾಲದಲ್ಲಿ ದುಗ್ಗಪ್ಪ ಹೊಸನಗರದಿಂದ ಕುಣಿಯುತ್ತ ಬಂದ. ಬಸ್ ನಿಲ್ಲುವಲ್ಲಿ ಹೂ ಮಾರುವ ವೆಂಕಮ್ಮ, ಕಲ್ಲುಗುಂಡಿನಂಥ ಹೆಂಗಸು, ಕರೆದು ಹಣ್ಣು ಕೇಳಿದ್ದಳು.

"ಯಾರಿಗೆ ಹುಷಾರಿಲ್ಲ ಅಂದೆ. ಯಾರಿಗೂ ಎಂತೂ ಆಗಿಲ್ಲ, ನಂಗೇ ಬೇಕು ಕೊಡೋ ಅಂದ್ಳು ಕೆರಿಯಕ್ಕ! ನಾ ದುಡ್ಡು ಮುಟ್ಲಿಲ್ಲ. ಬರೋ ವಾರ ಎಲ್ರೆದುರು ಕೇಳ್ತೀನಿ, ರುಚಿ ಹೆಂಗಿತ್ತು ಅಂತ."

ಮುಂದಿನ ವಾರ ಹೋದಾಗ ಹೂವಿನ ಬುಟ್ಟಿ ಬೋರಲು ಬಿದ್ದಿತ್ತು. ವೆಂಕಮ್ಮ ಹಣ್ಣು ಒಯ್ದ ದಿನವೇ ಮಲಗಿದವಳು ಏಳಲಿಲ್ಲವಂತೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜಗಲಿಯವರೆಗೂ ಆ ವಾಸನೆ. ಹಣ್ಣು ತಲೆದಿಂಬಿನ ಪಕ್ಕದಲ್ಲಿತ್ತು. ಹಲ್ಲಿನ ಗುರುತಿಲ್ಲ. ಸೊಸೆ ಅದನ್ನು ಕೈಯಲ್ಲಿ ಮುಟ್ಟದೆ, ಬಾಳೆಲೆಯಲ್ಲಿ ಹಿಡಿದು ತಂದು ಅವನ ಬುಟ್ಟಿಗೆ ಬಿಟ್ಟಳು.

ದುಗ್ಗಪ್ಪ ಅದನ್ನು ಕೆರಿಯಮ್ಮನ ಮುಂದಿಟ್ಟ. "ಇದು ಯಾವ ರಾಶಿಗೆ?"

ಅವಳು ಬುಡ ಒತ್ತಿದಳು. ಹಿಂದಿನ ವಾರ ಅವಳೇ ಒತ್ತಿ, ಮೆತ್ತಗಾಗುತ್ತಿದೆ ಎಂದು ಹೊಸನಗರದ ರಾಶಿಗೆ ಹಾಕಿದ್ದ ಹಣ್ಣು. ತೊಟ್ಟಿನ ಬಳಿಯ ಹಳದಿ ಗೀರಿನಿಂದ ಗುರುತು ಹತ್ತಿತು. ಈಗ ಕಲ್ಲಿನಂತಿತ್ತು.

ಅವಳು ಅದನ್ನು ಅವನತ್ತಲೇ ತಳ್ಳಿದಳು.

"ಇದು ಯಾವ ರಾಶಿಗೂ ಅಲ್ಲ ದುಗ್ಗಣ್ಣ. ಹೊಳೆಗೆ ಬಿಡು."

ಅವನು ಬಿಡಲಿಲ್ಲ. ಕಿಸೆಗೆ ಹಾಕಿಕೊಂಡು ಹೋದ.

ಆಮೇಲೆ ಅವನಿಂದ ಯಾರೂ ಕೊಳ್ಳಲಿಲ್ಲ, ಕಾಯಿಲೆಯವರ ಮನೆಯವರೂ. ಪೆಟ್ಟಿಗೆ ಅವನ ಮನೆಯಲ್ಲೇ ಕೊಳೆಯಿತು. ಸಂಕ್ರಾಂತಿಗೆ ಮುಂಚೆ ಅವನಿಗೆ ಜ್ವರ ಹಿಡಿಯಿತು. ಊರು ಅಂದುಕೊಂಡದ್ದು ಒಂದೇ: ಕೊನೆಗೂ ಯಮನ ಆಳಿನ ಲೆಕ್ಕ ಚುಕ್ತವಾಯಿತು. ಗಂಜಿ ಕೊಡಲು ಯಾರೂ ಒಳಗೆ ಹೋಗಲಿಲ್ಲ. ಕೆರಿಯಮ್ಮ ಹೋದಳು.

ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿತ್ತು. ಅವನು ಅರ್ಧಕ್ಕೆ ಅರ್ಧ ಇಳಿದಿದ್ದ. ಗಂಜಿ ಎರಡು ಗುಟುಕು ಕುಡಿದು ಸಾಕೆಂದ.

"ಸೇಬು ತರ್ಲಾ ಅಂತ ಕೇಳೋರೂ ಇಲ್ಲ ನೋಡು ನಂಗೆ," ಎಂದು ನಕ್ಕ. ನಗು ಕೆಮ್ಮಾಯಿತು.

ಹೊರಗೆ ಬೇಲಿಯಾಚೆ ಓಣಿಯವರು ಸದ್ದಿಲ್ಲದೆ ನಿಂತಿದ್ದರು, ನೋಡಲೆಂದೇ. ದುಗ್ಗಪ್ಪ ತಲೆದಿಂಬಿನ ಅಡಿಗೆ ಕೈ ಹಾಕಿದ. ಹಳದಿ ಗೀರಿನ ಹಣ್ಣು. ಒಂದು ಸುಕ್ಕೂ ಬಿದ್ದಿರಲಿಲ್ಲ. ಕೆರಿಯಮ್ಮನ ಅಂಗೈ ಎಳೆದು ಅದರಲ್ಲಿಟ್ಟ. ಆ ಜ್ವರದ ಕೈಯಲ್ಲಿದ್ದ ಹಣ್ಣು ತಣ್ಣಗಿತ್ತು.

"ನೀ ಗಟ್ಟಿಯಿದ್ದೀಯ ಕೆರಿಯಕ್ಕ. ಅವ್ರೆಲ್ಲ ನೋಡ್ತಿದಾರೆ. ಜಗಲಿಗೆ ಹೋಗಿ ಒಂದು ಸಲ ಕಚ್ತೀಯಾ?"